ಜಮಾದಾರ ಮಾಮ ಮತ್ತು ಕಾಲುವೆ ಏರಿಯ ಪಂಚಮಿ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಅವತ್ತು ಕಾಲುವೆ ಏರಿಯ ಮೇಲೆ ಅವ್ವ ಹಸಿರು ಸೀರೆ ಉಟ್ಟಿದ್ದಳೆಂದು ನನಗೆ ಖಚಿತವಾಗಿ ನೆನಪಿದೆ. ತಂಗಿ ಅಷ್ಟೇ ಖಚಿತವಾಗಿ ಹಳದಿ ಎನ್ನುತ್ತಾಳೆ. ನಾನು ಕಣ್ಣಾರೆ ಕಂಡದ್ದೂ ಜನ ಆಮೇಲೆ ಹೇಳಿದ್ದೂ ಇಷ್ಟು ವರ್ಷಗಳಲ್ಲಿ ಬೆರೆತುಹೋಗಿವೆ. ಬೇರ್ಪಡಿಸಲು ನೋಡಿದ್ದೇನೆ, ಪೂರ್ತಿ ಆಗಿಲ್ಲ.

ಮಾಮ ಎಂದರೆ ಅವ್ವನ ತಮ್ಮ. ಪೊಲೀಸ್ ಹೆಡ್ ಕಾನ್‌ಸ್ಟೇಬಲ್. ನಮ್ಮ ಕಡೆಯವರ ಬಾಯಲ್ಲಿ ಜಮಾದಾರ. ಲಿಂಗಸುಗೂರು, ಮಸ್ಕಿ, ಸಿಂಧನೂರು ಠಾಣೆಗಳಲ್ಲೇ ಅವನ ನೌಕರಿಯೆಲ್ಲ ಕಳೆಯಿತು. ಮಸ್ಕಿಯಲ್ಲಿದ್ದಾಗ, ಕಾಲೇಜು ಹುಡುಗಿಯರನ್ನು ಕಂಡೂ ನಿಲ್ಲಿಸದೆ ಹೋಗುವ ಬಸ್ಸುಗಳಿಗೆ ಅಡ್ಡ ನಿಲ್ಲುತ್ತಿದ್ದನಂತೆ. ಡ್ರೈವರ್ "ಜಾಗಾ ಇಲ್ರೀ ಜಮಾದಾರ್ರ" ಅಂದರೆ, "ನಿನ್ನ ಮಗಳಿದ್ರ ಎಲ್ಲಿ ಕುಂದ್ರಸ್ತಿದ್ದಿ? ಅಲ್ಲೇ ಕುಂದ್ರಸು" ಅನ್ನುತ್ತಿದ್ದನಂತೆ. ಹಾಗೆ ಬಸ್ಸು ಹತ್ತಿ ಓದಿದ ಒಬ್ಬಾಕೆ ಈಗ ನನ್ನ ಜೊತೆ ಪಾಠ ಮಾಡುತ್ತಾಳೆ. ಈ ಮಾತು ಹೇಳಿದ್ದು ಅವಳೇ.

ಅವನದೊಂದು ಪದ್ಧತಿ ಇತ್ತು. ಜಗಳ ಬಿಡಿಸಲು ಹೋದ ಊರಲ್ಲಿ ರಾಜಿ ಆಗುವ ತನಕ ಯಾರ ಮನೆಯ ಚಹಾವನ್ನೂ ಕುಡಿಯುತ್ತಿರಲಿಲ್ಲ, ನೀರನ್ನೂ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಬಾಗಿಲಿಗೆ ಬಂದವರು ಚಹಾ ಬೇಡವೆಂದರೆ ಬೈದಷ್ಟೇ ನೋವು. ಲಿಂಗಸುಗೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಅಣ್ಣತಮ್ಮಂದಿರು ನಡುಗೋಡೆಗಾಗಿ ಬಡಿದಾಡಿಕೊಂಡಾಗ ಬೇಸಿಗೆ ಬಿಸಿಲಲ್ಲಿ ಹಾಗೇ ಕೂತುಬಿಟ್ಟನಂತೆ. ಕೊನೆಗೆ ಅವರ ಮುದುಕಿ ತಾಯಿ ಹೊರಗೆ ಬಂದು, "ಗ್ವಾಡಿ ಹಾಳಾಗ್ಲಿ, ಈ ಮನಷ್ಯಾ ನೀರಿಲ್ದ ಸತ್ತಗಿತ್ತಾನು, ರಾಜಿ ಆಗ್ರಲೇ!" ಎಂದು ಇಬ್ಬರಿಗೂ ಬೈದಳಂತೆ. "ಜಮಾದಾರ ಚಹಾ ಕುಡದಾನ ಅಂದ್ರ ಜಗಳ ಮುಗದೈತಿ" ಎಂದು ಜನ ಆಡಿಕೊಳ್ಳುತ್ತಿದ್ದರು.

ನಮ್ಮ ಮನೆ ಜವಳಗೇರಾದಲ್ಲಿ. ನಾನಾಗ ಎಂ.ಎ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ಭತ್ತದ ನಾಟಿಯ ಕಾಲ. ನಮ್ಮ ಉಪಕಾಲುವೆಯಲ್ಲಿ ಮೇಲಿನ ನಮಗೆ ಮೊದಲು ನೀರು, ನಾವು ಬಿಟ್ಟದ್ದು ಕೊನೆ ಭಾಗದ ಊರಿಗೆ. ಆ ವರ್ಷ ಅಲ್ಲಿಗೆ ನೀರು ಮುಟ್ಟಲೇ ಇಲ್ಲ. ಆ ಊರಿನ ರೈತರು ಬಂದು ಕಾಲುವೆ ಗೇಟಿನ ಹತ್ತಿರ ಧರಣಿ ಕೂತರು. ನೀರು ಮುಟ್ಟದಿರಲು ಕಾರಣ ಎಲ್ಲರಿಗೂ ಗೊತ್ತಿತ್ತು: ನಮ್ಮೂರಿನ ಕೆಲವರು ಕಾಲುವೆ ಏರಿ ಕೊರೆದು ಕಳ್ಳ ಪೈಪ್ ಇಟ್ಟಿದ್ದರು. ಅದರಲ್ಲಿ ಒಂದು ನಮ್ಮ ಅಪ್ಪನದು.

ಬಂದೋಬಸ್ತಿಗೆ ಮಾಮನನ್ನೇ ಹಾಕಿದರು. ಬೇರೆಯವರನ್ನು ಕಳಿಸಿ ಎಂದು ಅವನು ಕೇಳಿದ್ದನಂತೆ, ಆಗಲಿಲ್ಲ. "ಅಕ್ಕನ ಊರಾಗ ಡ್ಯೂಟಿ! ಇನ್ನೇನ್ ನಮಗ ನೀರು ಬಂದಾಂಗ" ಎಂದು ಕೊನೆ ಭಾಗದವರು ಅವನಿಗೆ ಕೇಳುವಂತೆಯೇ ಅಂದರು.

ಮೊದಲ ದಿನ ಮನೆಗೆ ಬಂದವನು ಹೊಸ್ತಿಲು ದಾಟಲಿಲ್ಲ. ಅವ್ವ ಚಹಾ ತಂದಳು.

"ಬ್ಯಾಡ ಯಕ್ಕಾ."

"ಯಾಕೋ, ಸಕ್ರಿ ಬ್ಯಾನಿ ಬಂದೈತೇನು?"

"ಇಲ್ಲ."

"ಮತ್ತ? ಅಕ್ಕನ ಮನ್ಯಾಗ ಕುಡೀಬ್ಯಾಡ ಅಂತ ಹೆಂಡ್ತಿ ಹೇಳಿ ಕಳಿಸ್ಯಾಳೇನು?"

ಮಾಮ ನಕ್ಕ, ನಮ್ಮ ಓದಿನ ಬಗ್ಗೆ ವಿಚಾರಿಸಿ ಹೋದ. ಅತ್ತೆಯೇ ಏನೋ ಹೇಳಿಕೊಟ್ಟಿದ್ದಾಳೆಂದು ಅವ್ವ ಸಂಜೆಯ ತನಕ ಗೊಣಗುತ್ತಿದ್ದಳು. ಬೇರೆ ಊರುಗಳಲ್ಲಿನ ಮಾಮನ ಪದ್ಧತಿಯನ್ನು ಹೊಗಳುತ್ತಿದ್ದವಳಿಗೆ, ತನ್ನ ಮನೆಯೂ ಜಗಳದ ಒಂದು ಕಡೆ ಎಂಬುದು ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ನೀರಾವರಿ ಇಲಾಖೆಯವರು ಪೈಪ್ ಕಿತ್ತರು. ಯಾರದು ಮೊದಲು ಎಂಬ ಮಾತು ಬಂದಾಗ ಮಾಮ ನಮ್ಮ ಹೊಲಕ್ಕೆ ಕರೆದೊಯ್ದನಂತೆ. ಅಪ್ಪ ಮನೆಗೆ ಬಂದು ಟವೆಲ್ ಬಿಸಾಡಿ, "ನಿನ್ನ ತಮ್ಮ ಮಾಡಿದ್ದ ನೋಡು" ಅಂದ. ಅವ್ವ ಟವೆಲ್ ಎತ್ತಿ ಗೂಟಕ್ಕೆ ಹಾಕಿದಳು. ಆಮೇಲೆ ಅಂದಳು: "ಒಂದ್ ಮಾತ್ ನನಗ ಹೇಳಲಿಲ್ಲಲ್ಲ. ಈ ಸಲ ಪಂಚಮಿಗೆ ತವರಿಗೆ ಹೋಗೂದಿಲ್ಲ. ಅವನೂ ಮನಿಗೆ ಬರೂದು ಬ್ಯಾಡ."

ಅವ್ವನ ತವರು ಮುದಗಲ್ ಕಡೆ. ಪ್ರತಿವರ್ಷ ನಾಗರಪಂಚಮಿಗೆ ಮಾಮ ಬಂದು ಕರೆದುಕೊಂಡು ಹೋಗುತ್ತಿದ್ದ. ತಮ್ಮ ಕರೆಯದ, ಅಕ್ಕ ಹೋಗದ ಪಂಚಮಿ ಒಮ್ಮೆ ಬಂತೆಂದರೆ ಮುಂದಿನ ವರ್ಷವೂ ಹಾಗೇ ಆಗುತ್ತದೆ. ಹಾಗೆ ತವರು ಕಡಿದುಕೊಂಡ ಹೆಂಗಸರು ನಮ್ಮ ಓಣಿಯಲ್ಲೇ ಇದ್ದರು.

ಹಬ್ಬದ ದಿನ ಮಾಮ ಗೇಟಿನ ಹತ್ತಿರವೇ ಡ್ಯೂಟಿಯಲ್ಲಿದ್ದ. ಅವ್ವ ಬೆಳಗಿನಿಂದ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಮಧ್ಯಾಹ್ನ ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡು ಹೊರಟಳು. ನಾನೂ ತಂಗಿಯೂ ಹಿಂದೆ ಓಡಿದೆವು.

ಮಾಮ ಎದ್ದು ನಿಂತ. ಅವ್ವ ಅವನನ್ನು ನೋಡದೆ ದಾಟಿ, ಜಾಲಿ ಮರದ ಕೆಳಗಿದ್ದ ಕೊನೆ ಭಾಗದವರ ಮುಂದೆ ಬುಟ್ಟಿ ಇಳಿಸಿದಳು. "ಹಬ್ಬದ ದಿನ ಮನಿ ಬಿಟ್ಟು ಕುಂತೀರಿ. ತಗೋರಿ ಯಣ್ಣಾರ."

ಒಬ್ಬ ಕೈ ಚಾಚಲಿಲ್ಲ. "ಮ್ಯಾಲಿನೂರಿನ ಉಂಡಿ ತಿಂದ್ರ ನೀರು ಬಿಟ್ಟುಕೊಟ್ಟಾಂಗ ಆಗೂದಿಲ್ಲಲ್ಲ ಯವ್ವಾ?"

"ಉಂಡಿ ತಿಂದ್ರ ನೀರು ನಿಲ್ಲೂದಿಲ್ಲೋ ಯಪ್ಪಾ, ನೀರಡಿಕಿ ಆಗ್ತೈತಿ ಅಷ್ಟ."

ಅವರು ನಕ್ಕರು, ತಿಂದರು. ಆಮೇಲೆ ಅಲ್ಲಿ ನೆರೆದಿದ್ದ ನಮ್ಮೂರಿನವರಿಗೆ, ಗೇಟು ಕಾಯುವವನಿಗೆ ಕೊಟ್ಟಳು. ಕೊನೆಗೆ ಮಾಮನ ಮುಂದೆ ನಿಂತಳು. "ಎಲ್ಲಾರೂ ಒಂದ ಬುಟ್ಯಾಗಿಂದು ತಿಂದಾರ. ಈಗರ ತಗೊಂತಿಯೋ, ಇಲ್ಲ ಕಾನೂನು ನೋಡಬೇಕೋ?"

"ರಾಜಿ ಇನ್ನಾ ಆಗಿಲ್ಲ ಯಕ್ಕಾ."

"ರಾಜಿ ಯಾರು ಕೇಳ್ಯಾರ? ನಾ ಪಂಚಮಿ ಮಾಡಾಕ ಬಂದೀನಿ."

ಜಾಲಿ ಮರದ ಕೆಳಗಿನಿಂದ ಮೊದಲು ಕೈ ಚಾಚದಿದ್ದವನೇ ಕೂಗಿದ: "ತಿನ್ರೀ ಜಮಾದಾರ್ರ! ಮೊದಲ ಯಾರ ಪೈಪ್ ಕಿತ್ತಿರಿ ಅನ್ನೂದು ನೋಡೀವಿ ನಾವು."

ಮಾಮ ಟೋಪಿ ತೆಗೆದು ಉಂಡಿ ಇಸಿದುಕೊಂಡ. ಅಲ್ಲೇ ತಿಂದನೆಂದು ನನ್ನ ನೆನಪು. ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡನೆಂದು ತಂಗಿ. ಅವನನ್ನೇ ಕೇಳಿದರೆ ನಗುತ್ತಾನೆ. ಕೆಲವು ದಿನಗಳಲ್ಲಿ ಎರಡೂ ಕಡೆಯವರು ಪಾಳಿಯ ಮೇಲೆ ನೀರು ಹಂಚಿಕೊಳ್ಳಲು ಒಪ್ಪಿದರು, ಕೊನೆ ಭಾಗದಲ್ಲೂ ನಾಟಿ ಆಯಿತು. ಮುಂದಿನ ಪಂಚಮಿಗೆ ಅವ್ವ ತವರಿಗೆ ಹೋದಳು. ಸಿಂಧನೂರಿನಲ್ಲಿ ಮಾಮ ನಿವೃತ್ತನಾದ ದಿನ ಕೊನೆ ಭಾಗದ ಊರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬಂದಿದ್ದರು. ಅಪ್ಪನೂ ಬಂದಿದ್ದ. ಹಿಂದೆ ಗೋಡೆಗೆ ಒರಗಿ ನಿಂತಿದ್ದ.

ಮಾಮನಂಥ ನೆಟ್ಟಗಿನ ಮನುಷ್ಯನನ್ನು ನಾನು ಹೆಚ್ಚು ಕಂಡಿಲ್ಲ. ಆದರೂ ಅವನ ನೆಟ್ಟತನದ ಭಾರವನ್ನು ಆ ವಾರ ಹೊತ್ತವಳು ಅವ್ವ ಎಂದು ಈಚೆಗೆ ಅನಿಸತೊಡಗಿದೆ. ಅವನು ಅಕ್ಕನನ್ನು ನಂಬಬಹುದಿತ್ತೇ, ಅಥವಾ ನಂಬದ್ದೇ ಸರಿಯಿತ್ತೇ? ಹೋದ ತಿಂಗಳು ಜವಳಗೇರಾಕ್ಕೆ ಹೋದಾಗ, ಅಕ್ಕಿ ಹಸನು ಮಾಡುತ್ತಿದ್ದ ಅವ್ವನನ್ನೇ ಕೇಳಿದೆ. "ಈ ಸಲ ಅಕ್ಕ್ಯಾಗ ಕಲ್ಲು ಭಾಳ" ಅಂದಳು. ಆಮೇಲೆ ಫೋನಿನಲ್ಲಿ ನೆನಪಿಸಿದಾಗಲೂ ಮಾತು ಬೇರೆ ಕಡೆ ಹೋಯಿತು. ನಾನು ಕೇಳಿದ್ದು ಇಷ್ಟೇ:

"ಅವ್ವಾ, ಪೈಪ್ ಕೀಳೂ ಸುದ್ದಿ ಮಾಮ ಹಿಂದಿನ ದಿನಾನ ನಿನಗ ಹೇಳಿದ್ರ, ನೀ ಅಪ್ಪಗ ಹೇಳ್ದ ಇರ್ತಿದ್ದೇನು?"