ಕಂಬಳಿಯ ಮೇಲೆ ಒಂದೇ ಕೊಡತಿ

ಹಳೆಯ ಗಾದಿ ಬಿಚ್ಚಿ ಹಿಂಜಿಸಲೆಂದು ಹೆಂಡತಿ ಮೊನ್ನೆ ಪಿಂಜಾರನೊಬ್ಬನನ್ನು ಕರೆಸಿದ್ದಳು. ಅವನು ಪಡಸಾಲೆಯಲ್ಲಿ ಕಮಾನು ಹೂಡಿ, ಆಡಿನ ಕರುಳಿನ ತಂತಿಗೆ ಎಣ್ಣೆ ಸವರಿದ. ಆ ಜಿಡ್ಡು ವಾಸನೆ, ಅದರ ಹಿಂದೆಯೇ ಅರಳೆಯ ಒಣ ಧೂಳು, ನಾನು ಕೂತಿದ್ದ ಕೋಣೆಯವರೆಗೂ ಬಂತು. ಧಾರವಾಡದ ಈ ಮನೆಗೆ ನನ್ನನ್ನು ಹಿಡಿಯಲು ಯಾರೂ ಬರುವುದಿಲ್ಲವೆಂದು ಗೊತ್ತಿದ್ದರೂ ಎದ್ದು ಹೋಗಿ ಬಾಗಿಲಿನ ಅಗಳಿ ನೋಡಿಬಂದೆ.

ರೋಣದಲ್ಲಿ ನನ್ನ ಸೋದರಮಾವ ಅರಳೆ ಸಾವಕಾರ, ಅರಳೆ ತುಂಬಿಡುವ ವಖಾರ ಇದ್ದವನು. ಪುಣೆಯ ಕಾಲೇಜಿನಿಂದ ರಜೆಗೆ ಬಂದಾಗ ಅವನ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದೆ. ಹೊತ್ತು ಕಳೆಯುತ್ತಿದ್ದುದು ಮಾತ್ರ ಊರ ಅಂಚಿನ ಪಿಂಜಾರರ ಅಂಗಳದಲ್ಲಿ. ಅಲ್ಲಿಯ ಹಿರಿಯರೊಬ್ಬರನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಅವರು ದೊಡ್ಡವರಿಗೆ ಹಿಂಜುವುದನ್ನು ಕಲಿಸಿದ್ದರು, ಮಕ್ಕಳಿಗೆ ಕುರಾನು ಓದಿಸುತ್ತಿದ್ದರು.

ಮೊದಲೆಲ್ಲ ಪಿಂಜಾರರು ಮಾವನ ಅರಳೆಯನ್ನೇ ಕೂಲಿಗೆ ಹಿಂಜುತ್ತಿದ್ದರಂತೆ. ಉಸ್ತಾದರು ಅವರನ್ನು ಬಿಡಿಸಿ ಒಂದುಗೂಡಿಸಿದರು. ಬೆಳವಣಕಿಯ ರೈತರಿಂದ ಎಲ್ಲರ ಹೆಸರಿನಲ್ಲಿ ಅರಳೆ ಕೊಳ್ಳುವುದು, ಕೂಡಿ ಹಿಂಜುವುದು, ಗಜೇಂದ್ರಗಡದ ನೇಕಾರರಿಗೆ ತಾವೇ ಒಯ್ದು ಮಾರುವುದು. ಬಡ್ಡಿ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಗಳಿಕೆಯಲ್ಲಿ ದಾನದ ಪಾಲಾದ ಜಕಾತ್ ತೆಗೆದಿಟ್ಟು ಊರ ಬಡವರಿಗೆ ಹಂಚುತ್ತಿದ್ದರು.

ನಾನು ಕಾಲೇಜಿನಲ್ಲಿ ಕೇಳಿದ್ದನ್ನೆಲ್ಲ ಅವರ ಮುಂದೆ ಸುರಿಯುತ್ತಿದ್ದೆ. ಒಬ್ಬೊಬ್ಬನೂ ತನ್ನ ಲಾಭ ನೋಡಿಕೊಂಡರೆ ಲೋಕಕ್ಕೇ ಒಳ್ಳೆಯದಾಗುತ್ತದೆ ಎಂದು ನಮ್ಮ ಇಂಗ್ಲಿಷ್ ಸಾಹೇಬರು ಪಾಠ ಹೇಳುತ್ತಾರೆ, ಅವರ ದೇಶದಲ್ಲೇ ಬೇರೆ ಕೆಲವರು ಯಾರಿಗೂ ಸ್ವಂತದ್ದು ಇರಬಾರದು ಎನ್ನುತ್ತಾರೆ, ಯಾವುದು ಸರಿ ಎಂದು ಕೇಳಿದ್ದೆ.

“ಸಣ್ಣ ಧಣೇರ, ನಿಮ್ಮ ಸಾಹೇಬಗ ಒಂದು ದಿವಸ ಈ ಕಮಾನು ಹಿಡಿ ಅನ್ರಿ. ಆಮ್ಯಾಲೆ ಅಂವನ ಪಾಠ ಕೇಳೂಣು,” ಎಂದು ನಕ್ಕರು. ಆಮೇಲೆ ನಿಧಾನವಾಗಿ, “ಕಮಾನು ಅವರವರದು. ಅದನ್ನ ಕಸ್ಕೊಂಡ್ರ ಜುಲುಮ್ ಆಗ್ತೈತಿ. ಆದ್ರ ಕೂತು ತಿನ್ನಾಂವಗ ದುಡಿಯಾಂವನ ಬೆವರಿನ ಮ್ಯಾಲೆ ಹಕ್ಕಿಲ್ಲ. ನಷ್ಟಕ್ಕ ಹೆಗಲ ಕೊಡಾಂವಗ ಲಾಭದಾಗ ಪಾಲು. ನಮ್ಮ ದೀನ್, ನಮ್ಮ ಧರ್ಮ ಹೇಳೂದು ಇಷ್ಟ,” ಎಂದರು.

ಯಾವ ವಿಷಯವನ್ನೂ ಅವರು ಒಬ್ಬರೇ ನಿರ್ಧರಿಸುತ್ತಿರಲಿಲ್ಲ. ಪೈಗಂಬರರೇ ಜೊತೆಯವರನ್ನು ಕೇಳಿ ನಡೆದರು, ನಾನ್ಯಾರು ಎನ್ನುತ್ತಿದ್ದರು. ಶುಕ್ರವಾರದ ನಮಾಜು ಮುಗಿದ ಮೇಲೆ ಅಂಗಳದಲ್ಲಿ ಒಂದು ಚಾಪೆ, ಒಂದು ಕಂಬಳಿ ಹಾಸುತ್ತಿದ್ದರು. ಮಾತೆಲ್ಲ ಆದ ಬಳಿಕ ಪ್ರತಿಯೊಬ್ಬರೂ ತಂತಿ ಮೀಟುವ ತಮ್ಮ ಮರದ ಕೊಡತಿಯನ್ನು ತಂದಿಡಬೇಕು. ಒಪ್ಪಿದವರು ಚಾಪೆಯ ಮೇಲೆ, ಒಪ್ಪದವರು ಕಂಬಳಿಯ ಮೇಲೆ. ಕೈಯ ಸವೆತದಿಂದಲೇ ಯಾರ ಕೊಡತಿ ಯಾವುದೆಂದು ಎಲ್ಲರಿಗೂ ಗೊತ್ತು, ಮುಚ್ಚಿಡುವ ಮಾತಿಲ್ಲ. ಸೋತವರು ಮುನಿಸಿಲ್ಲದೆ ಗೆದ್ದವರ ಜೊತೆ ದುಡಿಯಬೇಕು. ಇದಕ್ಕೆ ಮಶ್ವರಾ, ಹೀಗೆ ತೀರ್ಮಾನಿಸುವುದಕ್ಕೆ ಠರಾಸುವುದು ಎನ್ನುತ್ತಿದ್ದರು.

“ಉಸ್ತಾದ, ನಿಮ್ಮ ಮಶ್ವರಾ ಮುಗಿಯೂದ್ರಾಗ ಅರಳಿ ಹಾರಿ ಮೋಡ ಆಗಿರ್ತೈತಿ,” ಎಂದು ಯಾರೋ ಚಾಷ್ಟಿ ಮಾಡಿದರೆ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಅವರಲ್ಲಿ ಒಬ್ಬ ವಿಧವೆಯಿದ್ದಳು. ಗಂಡ ಸತ್ತಾಗ ಹೆಂಗಸಿಗೆ ಕೂಟದಲ್ಲಿ ಪಾಲು ಬೇಡವೆಂದು ಗಂಡಸರು ಹಟ ಹಿಡಿದಿದ್ದರಂತೆ. ಹೆಣ್ಣಿಗೂ ಆಸ್ತಿಯ ಹಕ್ಕನ್ನು ದೇವರೇ ಕೊಟ್ಟಿರುವಾಗ ತೆಗೆಯಲು ನಾವ್ಯಾರು ಎಂದು ವಾದಿಸಿ, ಗಂಡನ ಕೊಡತಿಯನ್ನು ಅವಳ ಕೈಗೆ ಕೊಡಿಸಿದವರು ಉಸ್ತಾದರು.

ಎಲ್ಲರೂ ಸೇರಿ ತಪ್ಪನ್ನೇ ನಿರ್ಧರಿಸಿದರೆ ಏನು ಗತಿ ಎಂದೂ ಒಮ್ಮೆ ಕೇಳಿದ್ದೆ. “ಊರೆಲ್ಲಾ ಕೂಡಿ ಹೌದಂದ್ರೂ ಹರಾಮ್ ಹಲಾಲ್ ಆಗೂದಿಲ್ರಿ,” ಎಂದಿದ್ದರು. ಅಷ್ಟು ಖಚಿತವಾಗಿ ಹೇಳಿದ್ದರು…

ಇಂಗ್ರೇಜರ ಮೇಲೆ ಎದ್ದಿದ್ದ ನರಗುಂದದ ದಂಗೆ ಅಡಗಿದ ಮೇಲೆ ಸರ್ಕಾರದ ಸವಾರರು ಊರೂರು ಸುತ್ತತೊಡಗಿದರು. ನಾಲ್ಕು ಜನ ಸೇರಿದ್ದು ಕಂಡರೆ ಅವರಿಗೆ ಪಿತೂರಿ ಕಾಣುತ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ ಅವರು ಆ ಅಂಗಳಕ್ಕೆ ನುಗ್ಗಿದರು. ದಾರಿ ತೋರಿಸುತ್ತ ಮುಂದೆ ನಡೆದುಬಂದವನು ನನ್ನ ಸೋದರಮಾವ.

“ಇಲ್ಲಿ ಮುಖಂಡ ಯಾಂವ?” ಎಂದ ಜಮಾದಾರ.

“ಯಾರೂ ಇಲ್ರಿ,” ಎಂದರು ಪಿಂಜಾರರು. ಅದು ನಿಜವೇ ಆಗಿತ್ತು. ಆದರೆ ಮುಖಂಡನಿಲ್ಲದ ಕೂಟವನ್ನು ಆ ಜಮಾದಾರ ಕಂಡಿರಲಿಲ್ಲ.

“ಹಂಗಾರ ಎಲ್ಲಾರೂ ನಡೀರಿ. ನರಗುಂದದಾಗ ಗಲ್ಲಿನ ಹಗ್ಗ ಇನ್ನೂ ಬಿಚ್ಚಿಲ್ಲ.”

ಮಾವ ಕೈಮುಗಿದು ನಡುವೆ ಬಂದ. “ಬಡವರದಾರ ಸಾಹೇಬರ. ಇವರು ಎಲ್ಲಾ ಕೂಡೇ ಠರಾಸ್ತಾರ. ಇದನ್ನೂ ಕೂಡೇ ಠರಾಸಲಿ. ಒಂದ ಹೆಸರು ಕೊಟ್ರ ಸಾಕಲ್ಲ? ಉಳಿದವರಿಗೆ ನಾ ಜಾಮೀನು, ನಾಳಿಂದ ನನ್ನ ವಖಾರದಾಗ ಕೆಲಸ.”

ನಾನು ಉಸ್ತಾದರ ಪಕ್ಕದಲ್ಲೇ ಕೂತಿದ್ದೆ. ಇವರು ವ್ಯಾಪಾರದ ಮಾತಿಗೆ ಸೇರುತ್ತಾರೆ ಎಂದು ಹೇಳುತ್ತ ಎದ್ದೆ. ಸವಾರನೊಬ್ಬ ಭರ್ಚಿಯ ಮೊನೆಯನ್ನು ನನ್ನ ಕೊರಳ ತಗ್ಗಿಗೆ ಒತ್ತಿದ. ಉಗುಳು ನುಂಗಿದರೆ ಚುಚ್ಚುತ್ತಿತ್ತು. “ಅಂವ ನಮ್ಮ ಹುಡುಗ, ಬಿಡ್ರಿ,” ಎಂದ ಮಾವ. ಮೊನೆ ತುಸು ಹಿಂದೆ ಸರಿಯಿತು, ಪೂರ್ತಿ ತೆಗೆಯಲಿಲ್ಲ. ಈಗಲೂ ಊಟಕ್ಕೆ ಕೂತಾಗ ಒಮ್ಮೊಮ್ಮೆ ತುತ್ತು ಅಲ್ಲಿಯೇ ನಿಲ್ಲುತ್ತದೆ.

ಚಾಪೆಯನ್ನೂ ಕಂಬಳಿಯನ್ನೂ ಹಾಸಿದರು. ಎಂದಿನಂತೆ ಸುಕ್ಕು ತೆಗೆದು ನೀಟಾಗಿ ಹಾಸಿದರು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಕೊಡುವುದಾದರೆ ಉಸ್ತಾದರ ಹೆಸರೇ ಎಂದು ಎಲ್ಲರಿಗೂ ಗೊತ್ತಿತ್ತು, ಕೊಡಬೇಕೆ ಎಂಬುದೇ ಪ್ರಶ್ನೆ. ಮೊದಲು ಎದ್ದವಳು ಆ ವಿಧವೆ. ಯಾರ ಮುಖವನ್ನೂ ನೋಡದೆ ಕೊಡತಿಯನ್ನು ಚಾಪೆಯ ಮೇಲಿಟ್ಟಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ. ಮರಕ್ಕೆ ಮರ ತಾಗುವ ಸದ್ದು ಒಂದಾದ ಮೇಲೊಂದು ಕೇಳಿತು.

ಕೊನೆಗೆ ಉಸ್ತಾದರು ತಮ್ಮದನ್ನು ಕಂಬಳಿಯ ಮೇಲಿಟ್ಟರು.

ಈಗ ಹೇಳುತ್ತಾರೆ, ಹರಾಮ್ ಹಲಾಲ್ ಆಗುವುದಿಲ್ಲವೆಂದು ಈಗ ಹೇಳುತ್ತಾರೆ ಎಂದು ಕಾದೆ. ಅವರು ಟೊಪ್ಪಿಗೆ ಸರಿಮಾಡಿಕೊಂಡು ಜಮಾದಾರನ ಕಡೆ ತಿರುಗಿದರು. “ಮಂದಿ ಠರಾಸ್ಯಾರ. ನಡೀರಿ,” ಎಂದರು. ಸೋತವನ ಕರ್ತವ್ಯವನ್ನು ಅಲ್ಲಿಯೂ ಬಿಡಲಿಲ್ಲ. ಕುದುರೆಗಳ ನಡುವೆ ನಡೆದುಹೋದರು, ಮತ್ತೆ ಬರಲಿಲ್ಲ. ಮಾವನನ್ನು ದ್ವೇಷಿಸುವುದು ನನಗೆ ಸುಲಭವಾಯಿತು. ಆ ಮೌನವನ್ನು ಮಾತ್ರ ನಾನು ಉಸ್ತಾದರಿಗೆ ಕ್ಷಮಿಸಿಲ್ಲ. ಅವರು ಆ ಒಂದು ಮಾತು ಆಡಿದ್ದರೆ ನಾಲ್ಕು ಕೈಗಳಾದರೂ ಕೊಡತಿ ಹಿಂದೆಗೆಯುತ್ತಿದ್ದವೋ ಏನೋ…

ಹೋದ ವರ್ಷ ಮಾವ ತೀರಿಕೊಂಡಾಗ ರೋಣಕ್ಕೆ ಹೋಗಿದ್ದೆ. ಪಿಂಜಾರರೆಲ್ಲ ಅವನ ವಖಾರದಲ್ಲಿ ಕೂಲಿಗೆ ಹಿಂಜುತ್ತಿದ್ದರು. ಆ ವಿಧವೆ, ಈಗ ಮುದುಕಿ, ಅರಳೆಯ ಕಸ ಆರಿಸುತ್ತಿದ್ದಳು. ಅವಳೇ ತಲೆಯೆತ್ತದೆ ಹೇಳಿದಳು: “ನನಗ ಸಣ್ಣ ಮಕ್ಕಳಿದ್ದೂರಿ, ಧಣೇರ. ಉಸ್ತಾದ ಸಿಟ್ಟಿಲೆ ಒಂದು ಮಾತು ಬೈದು ಹೋಗಬೇಕಿತ್ತು. ನನ್ನ ಕಡೆ ನೋಡಿ ಗೋಣು ಹಾಕಿದ್ರು, ಕೆಲಸ ಛಲೋ ಮಾಡಿದಾಗ ಹಾಕ್ತಿದ್ರಲ್ಲ, ಹಂಗ.”

ಅವರು ತಲೆಯಾಡಿಸಿದ್ದನ್ನು ನಾನು ನೋಡಿರಲಿಲ್ಲ. ನನ್ನ ಕಣ್ಣು ಭರ್ಚಿಯ ಮೇಲಿತ್ತು. ಅವರಿಗೆ ಏನಾಯಿತು, ಎಲ್ಲಿ ಮಣ್ಣಾದರು ಎಂದು ನಾನು ಕೇಳಿದ ಯಾರಿಗೂ ಗೊತ್ತಿಲ್ಲ. ಆ ಮುದುಕಿಗೂ ಗೊತ್ತಿಲ್ಲ. ಪ್ರತಿ ಶುಕ್ರವಾರ ಯಾವುದೋ ಒಂದು ಗೋರಿಗೆ ಹೂವಿಟ್ಟು ಬರುತ್ತಾಳಂತೆ.