ಗುಡ್ಡ ದಾಟಿ ಬಂದ ಹಸ್ತದ ಮಳೆ

ನಮ್ಮ ಮನೆಯಲ್ಲಿ ಕೊಯ್ಲಿನ ದಿನವನ್ನು ನಿಶ್ಚಯಿಸುತ್ತಿದ್ದವರು ಅಜ್ಜಿ, ಅಪ್ಪನ ತಾಯಿ. ಉತ್ತರೆ ಮಳೆ ಹಿಂದೆ ಸರಿದು ಬಿಸಿಲು ಬಲಿತ ಮೇಲೆ, ಹಸ್ತದ ಗುಡುಗು ಶುರುವಾಗುವುದರೊಳಗೆ ಸಿಗುವ ಒಣ ದಿನಗಳು ಕೆಲವೇ. ಎತ್ತರದ ಮಕ್ಕಿಗದ್ದೆಗಳಲ್ಲಿ ಬೇಗ ಬಲಿಯುವ ಭತ್ತವನ್ನು ಆ ಬಿಸಿಲಿನಲ್ಲೇ ಕೊಯ್ದು, ಕೂಳೆಯ ಮೇಲೆ ಹರವಿ ಒಣಗಿಸಿ ಒಳಗೆ ತರಬೇಕು. ನಡುವೆ ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ ಒಡೆಯುತ್ತದೆ. ಹೀಗಾಗಿ ಅಪ್ಪ ಹಿಂದಿನ ಸಂಜೆಯೇ ಕೇಳುತ್ತಿದ್ದರು. ಅಜ್ಜಿ ಅಂಗಳದ ತುದಿಗೆ ಹೋಗಿ ಮೂಡಣ ದಿಕ್ಕನ್ನು ನೋಡಿಬಂದು ಹೇಳುತ್ತಿದ್ದರು. ನನಗೆ ನೆನಪಿರುವಂತೆ ಆ ಮಾತು ತಪ್ಪಿದ್ದಿಲ್ಲ.

ಅದು ಸಾಗರದಿಂದಾಚೆ, ಹೊನ್ನೆಮರಡಿನ ಆಸುಪಾಸಿನಲ್ಲಿ ನಮ್ಮ ಊರಿದ್ದ ಕಾಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವ ಮುಂಚೆ ಮನೆಯವರು ಎತ್ತಿನ ಗಾಡಿಗಳಲ್ಲಿ ಸಾಮಾನು ಹೇರಿಕೊಂಡು, ಹೊಸನಗರದ ಮೇಲೆ ತೀರ್ಥಹಳ್ಳಿ ಸೀಮೆಗೆ ಬಂದರು. ಹೊಸ ಮನೆಯ ಮೂಡಣಕ್ಕೂ ಒಂದು ಗುಡ್ಡವಿತ್ತು. ಹಳೆಯ ಊರಿನದರ ಹಾಗೆಯೇ ಎತ್ತಿನ ಹಿಣಿಲಿನ ಆಕಾರ. ಅದನ್ನು ಕಂಡು ಅಜ್ಜಿಗೆ ಎಷ್ಟು ಸಮಾಧಾನವಾಯಿತೆಂದರೆ, ಗಾಡಿಯಿಂದ ಇಳಿದವರು ಮನೆಯ ಒಳಗೆ ಹೋಗುವ ಮೊದಲು ಅದನ್ನೇ ನೋಡುತ್ತ ನಿಂತರಂತೆ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಊರಿನವರೆಲ್ಲ ದಸರೆಗೆ ಮೈಸೂರಿಗೆ ಹೊರಡುವಾಗ ನಾನು ಮೈಸೂರು ಬಿಟ್ಟು ಊರಿಗೆ ಬರುತ್ತಿದ್ದೆ. ಆ ವರ್ಷ ಬಂದಾಗ ಹೊಸ ಗದ್ದೆಯ ಮೊದಲ ಬೆಳೆ ಬಲಿತು ನಿಂತಿತ್ತು. ಜಗಲಿಯಲ್ಲಿ ರೇಡಿಯೋ ಒಂದು ಬಂದು ಕೂತಿತ್ತು. ಸಂಜೆ ಅದು ಹವಾಮಾನ ಹೇಳಿತು: ಮಲೆನಾಡಿನಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ.

“ಅಲ್ಲಲ್ಲಿ ಅಂದ್ರೆ ಎಲ್ಲಿ?” ಎಂದರು ಅಜ್ಜಿ. “ಸಾಗರ್ದಲ್ಲಾ, ಹೊಸನಗರದಲ್ಲಾ, ನಮ್ಮ ಅಂಗಳ್ದಲ್ಲಾ? ಇಷ್ಟು ಹೇಳಕ್ಕೆ ಒಂದು ಪೆಟ್ಟಿಗೆ ಬೇಕಾ?”

ಅಪ್ಪ ನಗುತ್ತ ರೇಡಿಯೋ ಆರಿಸಿದರು. “ಹಾಗಾದ್ರೆ ನೀನೇ ಹೇಳವ್ವ. ನಾಳೆ ಕೊಯ್ಲು ಮಾಡಾಣಾ?”

ಅಜ್ಜಿ ನೋಡಿಬಂದರು. ಗುಡ್ಡದ ನೆತ್ತಿಯ ಮೇಲೆ ಮೋಡ ನಿಂತಿತ್ತು. “ಅದು ಗುಡ್ಡ ದಾಟಲ್ಲ. ಅಲ್ಲೇ ಕರಗಿ ಹೋಗ್ತದೆ. ಕೊಯ್ಯಿ.”

ಮಾರನೆಯ ದಿನ ಬೆವರು ಕಣ್ಣಿಗಿಳಿಯುವಷ್ಟು ಸೆಖೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಗದ್ದೆಗಳೆಲ್ಲ ಕೊಯ್ದು ಮುಗಿದಿದ್ದವು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಅಡಿಕೆ ಕತ್ತರಿಸುತ್ತಿದ್ದರು. ಮೋಡ ಗುಡ್ಡ ಹತ್ತಿತು, ನಿಂತಿತು. ಆಮೇಲೆ ಯಾರನ್ನೂ ಕೇಳದೆ ಇಳಿದು ಬಂತು. ನಾವೆಲ್ಲ ಗದ್ದೆಗೆ ಓಡಿ, ಸಿಕ್ಕಷ್ಟನ್ನು ತಬ್ಬಿ ತಂದು ಜಗಲಿ, ಒಳಕೋಣೆ, ಕೊನೆಗೆ ನನ್ನ ಹಾಸಿಗೆಯ ಪಕ್ಕದಲ್ಲೂ ಒಟ್ಟಿದೆವು. ತೀರಾ ನೆಂದದ್ದನ್ನು ಅಮ್ಮ ಮರುದಿನವೇ ಕಾಳು ಬಡಿಯಿಸಿ, ಬಚ್ಚಲ ಹಂಡೆಯಲ್ಲಿ ಬೇಯಿಸಿ ಕುಚ್ಚಲಕ್ಕಿಗೆ ಇಟ್ಟರು. ಭತ್ತ ಪೂರ್ತಿ ಹಾಳಾಗಲಿಲ್ಲ. ಹಾಳಾದದ್ದು ಬೇರೆ. ಅಜ್ಜಿ ಅಂಗಳದ ತುದಿಗೆ ಹೋಗುವುದನ್ನು ಬಿಟ್ಟರು.

ಕೆಳಗಿನ ಗದ್ದೆಗಳಲ್ಲಿ ಇನ್ನೂ ಬೆಳೆ ಇತ್ತು, ದಿನದಿನಕ್ಕೆ ಬಾಗುತ್ತಿತ್ತು. ಅಪ್ಪ ಪ್ರತಿ ಸಂಜೆ ಕೇಳುತ್ತಿದ್ದರು. ಅಜ್ಜಿಯದು ಒಂದೇ ಉತ್ತರ: “ನಿನ್ ಪೆಟ್ಟಿಗೆನ ಕೇಳು.”

“ನೀವಾದ್ರೂ ಕೊಯ್ಸಿಬಿಡಿ,” ಎಂದು ಅಮ್ಮ ಅಪ್ಪನಿಗೆ ಮೆಲ್ಲಗೆ ಹೇಳಿದ್ದನ್ನು ಕೇಳಿಸಿಕೊಂಡೆ. “ಹೀಗೆ ಬಿಟ್ರೆ ಕಾಳೆಲ್ಲ ಉದುರಿ ಹೋಗ್ತದೆ.”

“ಉದುರಿದ್ರೆ ಉದುರ್ಲಿ. ಅವ್ವ ಹೇಳ್ದೆ ನಾನು ಕುಡುಗೋಲು ಮುಟ್ಟಲ್ಲ,” ಎಂದರು ಅಪ್ಪ. ಅಪ್ಪ ಹಟಮಾರಿಯಲ್ಲ. ಆ ಮಾತಿನಲ್ಲಿ ಇದ್ದದ್ದು ಹಟವಲ್ಲವೆಂದು ಅಮ್ಮನಿಗೂ ತಿಳಿಯಿತೆಂದು ಕಾಣುತ್ತದೆ, ಮತ್ತೆ ಹೇಳಲಿಲ್ಲ.

ಒಂದು ಬೆಳಿಗ್ಗೆ ಅಜ್ಜಿ ಲೋಟ ಹಿಡಿದು ಹೊರಟರು. “ಬಾರೆ, ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತರಾಣ.” ನಮ್ಮ ನೆಲುವಿನಲ್ಲಿ ಗಡಿಗೆ ತುಂಬ ಮೊಸರಿತ್ತು. ನಾನು ಹಿಂದೆ ನಡೆದೆ.

ಪಕ್ಕದ ಮನೆಯ ಹಿರಿಯಾಕೆಗೆ ಅಜ್ಜಿಗಿಂತ ತುಸು ಕಡಿಮೆ ವಯಸ್ಸು, ಮಾತು ತುಸು ಹೆಚ್ಚು. “ಬನ್ನಿ ಅಕ್ಕಾ. ನಿಮ್ ಭತ್ತ ಮಿಂದ್ಕಂಡು ಮನೆಗೆ ಬಂತಂತಲ್ಲ?”

“ಹ್ಞೂ. ಎಣ್ಣೆ, ಸೀಗೆ ಒಂದು ಬಾಕಿ.”

“ನಿಮ್ ಕಡೆ ಮೋಡಕ್ಕೆ ಗುಡ್ಡ ಇಳಿಯಕ್ಕೆ ಬರ್ತಿರ್ಲಿಲ್ವಾ?”

“ಬರ್ತಿತ್ತು. ಕೇಳಿ ಇಳೀತಿತ್ತು. ನಿಮ್ ಮೋಡಕ್ಕೆ ಮರ್ಯಾದೆ ಕಲ್ಸಿಲ್ಲ.”

ಇಬ್ಬರೂ ನಕ್ಕರು. ಹೆಪ್ಪು ಲೋಟಕ್ಕೆ ಬಿತ್ತು, ಎಲೆ-ಅಡಿಕೆ ಮುಂದೆ ಬಂತು. ಅಜ್ಜಿ ಎಲೆಯ ತೊಟ್ಟು ಮುರಿಯುತ್ತ, ತಲೆ ಎತ್ತದೆ ಕೇಳಿದರು: “ಇಲ್ಲಿ ಹಸ್ತದ ಮಳೆ ಎಲ್ಲಿಂದ ಬರ್ತದೆ, ಹೇಳಿ.”

ಮಳೆಯ ವಿಷಯವಾಗಿ ಅವರು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಬೇರೆ ಕಡೆ ನೋಡಿದೆ.

ಹಿರಿಯಾಕೆ ನಗಲಿಲ್ಲ. “ನಂಗೂ ಮದುವೆಯಾಗಿ ಬಂದ ಹೊಸದ್ರಲ್ಲಿ ಎಂತ ಗೊತ್ತಿತ್ತು ಅಕ್ಕಾ? ಒಣಗಕ್ಕೆ ಹಾಕಿದ್ದೆಲ್ಲ ನೆನೆಸಿ, ಅತ್ತೆ ಹತ್ರ ಬೈಸ್ಕಂಡು ಕಲ್ತಿದ್ದು. ಆ ಗುಡ್ಡ ನೋಡ್ಬೇಡಿ, ಅದು ಬರೀ ಸುಳ್ಳು. ಅದ್ರ ಪಕ್ಕದ ಕಣಿವೆ ನೋಡಿ. ಬೆಳಗ್ಗೆ ಕಣಿವೇಲಿ ಮಂಜು ಕೂತಿದ್ರೆ ಹೆದರ್ಬೇಡಿ. ಅಲ್ಲಿಂದ ತಣ್ಣಗಾಳಿ ಬಂತೋ, ಅನ್ನ ಬಿಟ್ಟು ಎದ್ದು ಓಡಿ.”

ವಾಪಸ್ಸು ಬರುವಾಗ ಅಜ್ಜಿ ಒಂದೆರಡು ಸಲ ತಿರುಗಿ ಕಣಿವೆಯತ್ತ ನೋಡಿದರು. ಗದ್ದೆಯ ಅಂಚಿಗೆ ಬಂದಾಗ ನಿಂತು ಹೇಳಿದರು: “ನಾನೂ ಆ ಊರಲ್ಲಿ ಹುಟ್ಟಿದವ್ಳಲ್ಲ ಕಣೆ. ಮರ್ತೇ ಹೋಗಿತ್ತು. ನಮ್ಮತ್ತೆ ಬೈದು ಬೈದು ಕಲ್ಸಿದ್ಲು.”

“ಈಗ ಬೈಯಕ್ಕೆ ಯಾರಿದಾರೆ?” ಎಂದೆ.

“ನಿನ್ನಮ್ಮ ಇದಾಳಲ್ಲ. ಬಾಯಿ ಬಿಟ್ಟು ಬೈಯಲ್ಲ, ಅಷ್ಟೆ.”

ಅಂದಿನಿಂದ ಅವರು ಬೆಳಗಿನ ಕಾಫಿಯನ್ನು ಕಣಿವೆ ಕಾಣುವ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಕುಡಿಯತೊಡಗಿದರು. ಅಪ್ಪ ಕೇಳುತ್ತಿದ್ದರು. “ಗೊತ್ತಿಲ್ಲ,” ಎನ್ನುತ್ತಿದ್ದರು ಅಜ್ಜಿ. ಅವರ ಬಾಯಿಂದ ಆ ಮಾತು ಕೇಳಿ ನಮಗೆ ಅಭ್ಯಾಸವಿರಲಿಲ್ಲ, ಆದರೆ ಮೊದಲಿನ ಮುನಿಸು ಅದರಲ್ಲಿರಲಿಲ್ಲ. ಮಧ್ಯೆ ಒಂದೆರಡು ಬಾರಿ ಮಳೆ ಸುರಿಯಿತು. ಎರಡು ಸಲವೂ ಅಜ್ಜಿ ಹನಿಗಿಂತ ಮುಂಚೆಯೇ ತಂತಿಯ ಮೇಲಿದ್ದ ನನ್ನ ಸೀರೆಯನ್ನು ಒಳಗೆ ತಂದಿದ್ದರು.

ನಾನು ಮೈಸೂರಿಗೆ ಹೊರಡುವ ದಿನ ಹತ್ತಿರವಾಗಿತ್ತು. ಒಂದು ಮುಂಜಾನೆ ಕಣಿವೆಯಲ್ಲಿ ಮಂಜು ಹಾಲಿನ ಹಾಗೆ ತುಂಬಿತ್ತು. ಅಪ್ಪ ಕೇಳುವ ಮೊದಲೇ ಅಜ್ಜಿ ಬಂದು ಹೇಳಿದರು: “ಅರ್ಧ ಕೊಯ್ಯಿ.”

“ಪೂರ್ತಿ ಬೇಡ್ವಾ ಅವ್ವ?”

“ನಾನಿನ್ನೂ ಹೊಸಬಳು. ಅರ್ಧ ಸಾಕು.”

ಅಪ್ಪ ಅರ್ಧವನ್ನೇ ಕೊಯ್ಯಿಸಿದರು. ಬಿಸಿಲು ಕೈಕೊಡಲಿಲ್ಲ. ಕೊಯ್ದು ಹರವಿದ ಅರಿಗಳು ಗರಿಗರಿಯಾಗಿ ಒಣಗಿ ಮನೆ ಸೇರಿದವು. ಕೊನೆಯ ಹೊರೆ ಇಳಿಸಿದ ಮರುದಿನ ಕಣಿವೆಯಿಂದ ಗಾಳಿ ಬಂತು, ಹಿಂದೆಯೇ ಮಳೆ. ಉಳಿದ ಅರ್ಧ ಪೈರು ಗದ್ದೆಯಲ್ಲಿ ನಿಂತೇ ನೆಂದಿತು.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ ಮೊದಲಿನ ಹಾಗೆಯೇ ಕೇಳಿದರು: “ಅವ್ವ, ಮಿಕ್ಕಿದ್ದಕ್ಕೆ ಯಾವತ್ತು?”

ಅಜ್ಜಿ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡರು. “ಅವಸರ ಎಂತಕ್ಕೆ? ಪೈರು ಸ್ವಲ್ಪ ಒಣಗ್ಲಿ. ಹೇಳ್ತೀನಿ.”