ಡಾಕ್ಟರ ಕಾರಿಗೆ ಶುಕ್ರವಾರದ ಸ್ನಾನ

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ತುಕ್ಕಿನ ಬಣ್ಣದ ಒಂದು ಗೆರೆ ಸದಾ ಇರುತ್ತಿತ್ತು. ಎಷ್ಟು ತೊಳೆದರೂ ಹೋಗದು. ನಾಡಿ ಹಿಡಿಯಲು ಆ ಕೈ ಹತ್ತಿರ ಬಂದಾಗ ಸ್ಪಿರಿಟ್ಟಿನ ಘಾಟಿನ ಹಿಂದೆಯೇ ಹಳೆಯ ಕಬ್ಬಿಣದ ವಾಸನೆ ಬರುತ್ತಿತ್ತು. ನಂಜನಗೂಡಿನಲ್ಲಿ ನಮ್ಮ ಎದುರು ಮನೆಯ ಡಾಕ್ಟರು ಅವರು. ಮನೆಯ ಮುಂದಿನ ಕೋಣೆ ಕ್ಲಿನಿಕ್ಕು, ಪಕ್ಕದ ಶೀಟಿನ ಶೆಡ್ಡಿನಲ್ಲಿ ಕಾರು.

ಊರಿನವರು ಕಂಡಿದ್ದ ಬೇರೆ ಯಾವ ಕಾರಿನ ಹಾಗೂ ಅದು ಇರಲಿಲ್ಲ. ಎರಡೇ ಸೀಟು, ಮಡಚಿಡಬಹುದಾದ ಬಟ್ಟೆಯ ಹುಡ್ಡು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಊಟಿ ಕಡೆಯ ಎಸ್ಟೇಟಿನ ದೊರೆಯೊಬ್ಬ ಇಂಗ್ಲೆಂಡಿಗೆ ವಾಪಸು ಹೋಗುವಾಗ ಇವರಿಗೆ ಮಾರಿ ಹೋಗಿದ್ದನಂತೆ. ಭಾನುವಾರದ ಸಂಜೆ ಡಾಕ್ಟರೂ ಅವರ ಹೆಂಡತಿಯೂ ಹುಡ್ಡು ತೆಗೆದು ಟಿ. ನರಸೀಪುರಕ್ಕೆ ಹೋಗಿ, ಕಪಿಲೆ ಕಾವೇರಿಯನ್ನು ಸೇರುವಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಅಮ್ಮಾವ್ರು ಎಂದೇ ನಾವೆಲ್ಲ ಕರೆಯುತ್ತಿದ್ದ ಆಕೆ ತಲೆಗೆ ಸೆರಗು ಬಿಗಿದು, ಮಡಿಲಲ್ಲಿ ಹೂವಿನ ಪೊಟ್ಟಣ ಇಟ್ಟುಕೊಂಡು ಕೂತಿರುತ್ತಿದ್ದರು. ಗಾಳಿಗೆ ಹಾರಿಹೋಗುತ್ತದೆಂದು ಹೂವನ್ನು ಮುಡಿಯುತ್ತಿದ್ದುದು ಸಂಗಮ ತಲುಪಿದ ಮೇಲೆ.

ಡಾಕ್ಟರು ರೋಗಿಗಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಅನ್ಸಿದ್ದು ಬೇಡ, ಆಗಿದ್ದು ಹೇಳಿ." ಹುಲ್ಲಹಳ್ಳಿಯಿಂದ ಬಂದ ರೈತನೊಬ್ಬ "ಒಟ್ಟೇಲಿ ಆವು ಒರಳಾಡ್ದಂಗಾಯ್ತದೆ ಸಾ" ಎಂದರೆ, "ಹಾವನ್ನ ನೀನು ನೋಡಿದ್ಯೇನಪ್ಪಾ? ನೋವು ಎಡಕ್ಕೋ ಬಲಕ್ಕೋ, ಅದು ಹೇಳು" ಎನ್ನುತ್ತಿದ್ದರು. ನಾನು ಡೈರಿ ಬರೆಯಲು ತೊಡಗಿದ್ದು ಆ ಮಾತು ಕೇಳಿ ಕೇಳಿ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬದಿರುವುದಕ್ಕೂ ಬಹುಶಃ ಅದೇ ಕಾರಣ.

ಕಾರಿನ ಸ್ನಾನ ಮಾತ್ರ ಅಮ್ಮಾವ್ರದ್ದು. ಶುಕ್ರವಾರ ಬೆಳಿಗ್ಗೆ ಬಕೆಟ್ಟುಗಟ್ಟಲೆ ನೀರು ಹೊಯ್ದು ತೊಳೆದು, ಬಾನೆಟ್ಟಿಗೆ ಅರಿಶಿನ ಕುಂಕುಮವಿಟ್ಟು, ಅಕ್ಷತೆ ಹಾಕಿ, ಹೂವೇರಿಸುವರು. ಆಯುಧಪೂಜೆಯ ದಿನವಂತೂ ಬಾಗಿಲ ಸಂದು, ಚಕ್ರದ ಸಂದು, ಯಾವುದನ್ನೂ ಬಿಡುತ್ತಿರಲಿಲ್ಲ. "ಮನೆಗೆ ಬಂದ ಲಕ್ಷ್ಮಿ ಕಣೇ ಇದು. ಮೈ ತೊಳೀದೆ ಇರೋಕಾಗುತ್ತಾ?" ಎಂದು ನನ್ನ ಕೈಗೂ ಒಂದು ಚೊಂಬು ಕೊಡುತ್ತಿದ್ದರು.

ನಾನು ಮೈಸೂರಿಗೆ ಎಂ.ಎ. ಓದಲು ಹೋಗಿ ಬರುತ್ತಿದ್ದ ಕಾಲ. ಒಂದು ಭಾನುವಾರ ನರಸೀಪುರದಿಂದ ಬರುವಾಗ ಅಮ್ಮಾವ್ರು ಬಾಳೆಹಣ್ಣು ಕೊಳ್ಳಲು ಇಳಿದರು. ಮತ್ತೆ ಹತ್ತಿ ಕೂತರೆ ಬಾಗಿಲು ಮುಚ್ಚಲೇ ಇಲ್ಲ. ಹಣ್ಣಿನವನ ಹತ್ತಿರ ಹಗ್ಗ ಇಸಿದುಕೊಂಡು ಬಾಗಿಲನ್ನು ಸೀಟಿಗೆ ಕಟ್ಟಿ, ಅದನ್ನೇ ಹಿಡಿದುಕೊಂಡು ಬಂದರು. "ನಿಮ್ಮ ದೊರೆ ಕಾರು ಊರೆಲ್ಲಾ ನೋಡೋ ಹಾಗೆ ಬಾಯಿ ಬಿಟ್ಕೊಂಡು ಬಂತು ನೋಡ್ರೀ!" ಎಂದು ಬೀದಿಯಲ್ಲೇ ನಕ್ಕರು. ಡಾಕ್ಟರು ನಗಲಿಲ್ಲ. ಬಾಗಿಲ ಕೆಳಗಿನ ತಗಡಿನ ಮೇಲೆ ಎಡಗೈ ಬೆರಳಿಟ್ಟು, ಎದೆ ಪರೀಕ್ಷಿಸುವ ಹಾಗೆ ಬಲಗೈ ಬೆರಳಿನಿಂದ ಬಡಿದು ಕಿವಿಗೊಟ್ಟರು.

ಮಾರನೆಯ ವಾರ ಬನ್ನೂರಿನಿಂದ ಟಿಂಕರಿಂಗ್ ಕೆಲಸದವನು ಬಂದ. ಬಾಗಿಲ ಕೆಳಗಿನ ತಗಡನ್ನು ಕತ್ತರಿಸಿದೊಡನೆ ಒಳಗಿನಿಂದ ಒದ್ದೆ ಕೆಂಪು ಮಣ್ಣು ಹಿಡಿಹಿಡಿಯಾಗಿ ಬಿತ್ತು. ಅದರಲ್ಲಿ ಅಕ್ಕಿಕಾಳು, ಹೂವಿನ ತೊಟ್ಟು.

"ಏನ್ ಸಾ ಇದು! ನೀರು ಓಗೋ ತೂತೆಲ್ಲಾ ಕುಂಕುಮ, ಅಕ್ಷತೇಲಿ ಮುಚ್ಕೊಂಡವೆ. ಒಯ್ದ ನೀರೆಲ್ಲಾ ಒಳ್ಗೇ ನಿಂತು ಕೊಳೆಸ್ಬುಟ್ಟದೆ. ಪೂಜೆ ಮಾಡೀ ಮಾಡೀ ಕೊಂದವ್ರೆ ಕಣ್ ಸಾ!"

"ಮೆಲ್ಲಗೆ ಮಾತಾಡೋ ಮಾರಾಯಾ" ಎಂದು ಡಾಕ್ಟರು ಅಡುಗೆಮನೆಯ ಕಡೆ ನೋಡಿದರು. ಅಷ್ಟರಲ್ಲಿ ಅಮ್ಮಾವ್ರು ಕಾಫಿ ತಂದರು. "ಏನಂತೆ?"

"ವಯಸ್ಸಾಯ್ತು ಕಣೇ. ಶೀತದೇಶದ ಕಬ್ಬಿಣ, ನಮ್ಮ ಸೆಖೆ ತಡೀಲಿಲ್ಲ."

ಆ ಕಾರಿಗೆ ಕೆಳಗೆ ಭಾರ ಹೊರುವ ಬೇರೆ ಚಾಸಿ ಇರಲಿಲ್ಲ, ಬಾಡಿಯೇ ಬೆನ್ನುಮೂಳೆ. ತೇಪೆ ಹಾಕಿದರೆ ನಿಲ್ಲದು ಎಂದು ಹೇಳಿ ಟಿಂಕರ್ ಹೊರಟುಹೋದ. ಕಾರು ಶೆಡ್ಡಿನಲ್ಲೇ ನಿಂತಿತು. ಶುಕ್ರವಾರದ ಸ್ನಾನ ಮಾತ್ರ ನಿಲ್ಲಲಿಲ್ಲ.

ಕೆಲವು ವರ್ಷಗಳ ಮೇಲೆ, ಮೈಸೂರಿನಲ್ಲಿ ಇಂಟರ್ನೆಟ್ ಸೆಂಟರುಗಳು ಆಗಷ್ಟೇ ಬಂದಿದ್ದಾಗ, ಡಾಕ್ಟರು ಒಂದು ಕೆಲಸ ಹೇಳಿದರು. ಇಂಗ್ಲೆಂಡಿನಲ್ಲಿ ಇಂಥ ಹಳೆಯ ಕಾರುಗಳ ಇಡೀ ಬಾಡಿಯನ್ನೇ ಹೊಸದಾಗಿ ಮಾಡುತ್ತಾರಂತೆ, ನಿಜವೋ ಸುಳ್ಳೋ ನೋಡಿಕೊಂಡು ಬಾ ಎಂದರು. ನಿಜವೇ ಆಗಿತ್ತು. ಮೂಲೆಗೆ ಬಿದ್ದಿದ್ದ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು, ಅವುಗಳಲ್ಲೇ ತಗಡು ಒತ್ತಿ, ಬಾಗಿಲು, ಬಾನೆಟ್ಟು ಎಲ್ಲ ಕೂಡಿಸಿ ಕೊಡುತ್ತಿದ್ದರು. ನಮ್ಮ ಎಂಜಿನ್, ನಮ್ಮ ಸೀಟು, ನಮ್ಮ ಚಕ್ರ ಅದಕ್ಕೆ ಜೋಡಿಸಿಕೊಂಡರಾಯಿತು. ಕೇಳಿದ್ದಕ್ಕೆ, ಈ ಮಾಡೆಲ್ಲಿನದು ಸಿಗುತ್ತದೆ, ಹಡಗಿನಲ್ಲಿ ಕಳಿಸುತ್ತೇವೆ ಎಂದು ಉತ್ತರವೂ ಬಂತು.

"ಪ್ರಾಣ ಇಟ್ಕೊಂಡು ಹೊಸ ದೇಹ ಕೊಡ್ತಾರೆ! ನನ್ನ ಪೇಷಂಟುಗಳಿಗೆ ಈ ಮಾತು ಹೇಳೋಕೆ ನನಗೆ ಒಂದಿನಾನೂ ಆಗ್ಲಿಲ್ಲ ನೋಡಮ್ಮ" ಎಂದರು. ಅಮ್ಮಾವ್ರ ಮಂಡಿ ಆಗಲೇ ಕೈಕೊಡುತ್ತಿತ್ತು. "ಅಷ್ಟು ತಗ್ಗಿನ ಸೀಟಿಗೆ ಬಗ್ಗೋಕೆ ಇವಳಿಗೆ ಆಗೋವಾಗ್ಲೇ ಬರಬೇಕು. ಇನ್ನೊಂದು ಸಲ ಸಂಗಮಕ್ಕೆ ಹೋಗ್ಬರಬೇಕು."

ಅಮ್ಮಾವ್ರು ಕೇಳಿದ್ದು ಒಂದೇ ಪ್ರಶ್ನೆ. "ಹಳೇ ಮೈ ಏನ್ಮಾಡ್ತೀರಿ?"

"ಗುಜರಿಗೆ."

"ಇಷ್ಟು ವರ್ಷ ಪೂಜೆ ಮಾಡಿದ್ದನ್ನ ಗುಜರಿಗೆ ಹಾಕಿದ್ರೆ ಆ ಹೊಸದರಲ್ಲಿ ನಾನು ಕೂರಲ್ಲ. ಇದಕ್ಕೇನಾಗಿದೆ ಈಗ? ಹೊಳೀತಾ ಇಲ್ವಾ?"

ಹೊಳೆಯುತ್ತಿತ್ತು, ನಿಜ. ಅದು ಒಳಗೆ ಪೂರ್ತಿ ಹೋಗಿದೆ ಎಂದು ಒಪ್ಪಿಸಬೇಕಾದರೆ ಏಕೆ ಹೋಯಿತೆಂದೂ ಹೇಳಬೇಕಾಗುತ್ತಿತ್ತು.

"ಆಗಿದ್ದು ಹೇಳಿಬಿಡಿ ಡಾಕ್ಟ್ರೇ" ಎಂದೆ.

"ಅದು ಪೇಷಂಟಿಗೆ ಕಣಮ್ಮ. ಹೆಂಡ್ತಿಗಲ್ಲ."

ಅವರು ಹೇಳಲಿಲ್ಲ. ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ನಾನು ಕಾದೆ. ಇಂಗ್ಲೆಂಡಿನವರ ಪತ್ರಕ್ಕೆ ಮರುಪತ್ರ ಹೋಗಲಿಲ್ಲ. ಅಮ್ಮಾವ್ರಿಗೆ ಬಗ್ಗಲಾಗದಂತಾಯಿತು, ಆಮೇಲೆ ಏಳಲಾಗದಂತಾಯಿತು, ಒಂದು ಚಳಿಗಾಲ ತೀರಿಕೊಂಡರು. ಅವರಿಗೆ ನಿಜ ಗೊತ್ತಿತ್ತೇ? ಟಿಂಕರ್ ಬಂದು ಹೋದ ಮೇಲೆ ಅವರು ಬಾಗಿಲ ಸಂದಿಗೆ ಕುಂಕುಮ ಹಾಕದೆ ಬರೀ ಹೂವಿಡುತ್ತಿದ್ದರೆಂದು ನನಗೆ ನೆನಪು. ಆದರೆ ಅದನ್ನು ನಾನು ನಂಬುವುದಿಲ್ಲ. ಮನಸ್ಸಿನ ಸಮಾಧಾನಕ್ಕೆ ನಾನೇ ಆಮೇಲೆ ಸೇರಿಸಿಕೊಂಡಿರಬಹುದು.

ಹದಿಮೂರನೆಯ ದಿನ ಕಳೆದ ಮೇಲೆ ಸುಮ್ಮನಿರಲಾರದೆ ಹೇಳಿದೆ: "ಬಾಡಿ ಈಗಲೂ ಸಿಗುತ್ತೆ ಡಾಕ್ಟ್ರೇ. ಬರೀಲಾ?"

"ಸಿಗುತ್ತೆ ಕಣಮ್ಮ" ಎಂದರು. ಅಡುಗೆಮನೆಯ ಕಡೆ ನೋಡಿ, "ಅದು ಸಿಗುತ್ತೆ" ಎಂದರು.

ಆ ಶುಕ್ರವಾರ ಬೆಳಿಗ್ಗೆ ಎದುರು ಶೆಡ್ಡಿನಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಡಾಕ್ಟರು ಪಂಚೆ ಎತ್ತಿ ಕಟ್ಟಿ ಕಾರಿಗೆ ಬಕೆಟ್ಟಿನಿಂದ ನೀರು ಹೊಯ್ಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ "ಗೊತ್ತು" ಎಂದು ಚೊಂಬನ್ನು ನನ್ನ ಕಡೆ ಚಾಚಿದರು. ಆಮೇಲೆ ತಾವು ಇರುವವರೆಗೆ ಒಂದು ಶುಕ್ರವಾರವನ್ನೂ ಅವರು ತಪ್ಪಿಸಲಿಲ್ಲ. ಕಾರು ವರ್ಷದಿಂದ ವರ್ಷಕ್ಕೆ ನಡುವಿನಲ್ಲಿ ಕುಸಿಯುತ್ತ ಹೋಯಿತು. ಅದು ಪೂರ್ತಿ ಕುಸಿಯುವ ಮೊದಲೇ ಡಾಕ್ಟರು ಹೋದರು.

ಮನೆ ಕೊಂಡವರು ಗುಜರಿಯವರನ್ನು ಕರೆಸಿದ ದಿನ ನಾನು ಅಲ್ಲಿದ್ದೆ. ನಾಲ್ವರು ಹಿಡಿದು ಎತ್ತಿದಾಗ ಕಾರು ಬಾಗಿಲ ಹತ್ತಿರ ಎರಡಾಗಿ ಮುರಿದು, ಕೆಂಪು ಮಣ್ಣು ಶೆಡ್ಡಿನ ನೆಲದ ಮೇಲೆ ಸುರಿಯಿತು. ಒಂದು ಚಿಟಿಕೆ ತೆಗೆದು ಬೆರಳಿನಲ್ಲಿ ಉಜ್ಜಿದೆ. ತುಕ್ಕೋ ಕುಂಕುಮವೋ ತಿಳಿಯಲಿಲ್ಲ. ಮೂಗಿಗೆ ಹಿಡಿದಾಗ ಅರಿಶಿನದ ವಾಸನೆ ಬಂತು.

ಇದು ಅನ್ನಿಸಿದ್ದು, ಡಾಕ್ಟ್ರೇ.